ಸೂಟಿಯ ತಾರೀಖು

ಪಾಲಕರ ಸಭೆಗೆ ಬಂದವರು ಏಳೇ ಮಂದಿ. ಆರು ಮಂದಿ ಸಹಿ ಗೀಚಿ, ಚಹಾ ಕುಡಿದು ಎದ್ದು ಹೋದರು. ಒಂಬತ್ತನೇ ತರಗತಿಯ ಸುವರ್ಣಾಳ ಅಪ್ಪ ಮಾತ್ರ ಪೆನ್ನು, ಚೀಟಿ ಹಿಡಿದು ಮುಂದೆ ಬಂದ. ಇಂಥದೊಬ್ಬ ಅಪ್ಪನಿಗಾಗಿ ಟೀಚರ್ ಹದಿನಾಲ್ಕು ವರ್ಷ ಕಾದಿದ್ದರು.

"ಸೂಟಿ ಎಂದಿನಿಂದರಿ ಅಕ್ಕಾರ?"

"ಏಪ್ರಿಲ್ ಹನ್ನೊಂದರಿಂದ. ಮತ್ತ ಸಾಲಿ ತೆರೆಯೂದು ಮೇ ಇಪ್ಪತ್ತೊಂಬತ್ತಕ್ಕ."

ಅವನು ಎರಡನ್ನೂ ಬರೆದುಕೊಂಡ.

"ನಡುವ ನೀವು ಮನೀಗೆ ಬಂದು ಹುಡುಗೂರನ್ನ ವಿಚಾರಸ್ತೀರೇನ್ರಿ?"

"ಇಲ್ಲ, ನಾವೂ ಊರಿಗೆ ಹೋಗ್ತೀವಿ. ನೀವೇ ಒಂಚೂರು ಓದಸ್ರಿ."

ಅವನು ಕೈಮುಗಿದು ಹೋದ. "ಪಾಲಕರಂದ್ರ ಹಿಂಗಿರಬೇಕು ನೋಡ್ರಿ," ಎಂದು ಟೀಚರ್ ಹೆಡ್ ಮಾಸ್ತರರ ಮುಂದೆ ಹೊಗಳಿದ್ದೇ ಹೊಗಳಿದ್ದು.

ಶಾಲೆ ತೆರೆದ ದಿನ ಹಾಜರಿ ಕೂಗಿದಾಗ ಸುವರ್ಣಾ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ನಿಂತಳು. ಆದರೂ ಕಾಲುಂಗುರ ಕಂಡವು.

"ಯಾವಾಗ ಆತವ್ವಾ?" ಟೀಚರ್ ಹಾಜರಿ ಪುಸ್ತಕ ಮುಚ್ಚಿ ಕೇಳಿದರು.

"ಏಪ್ರಿಲ್ ಹನ್ನೆರಡಕ್ಕರಿ," ಹುಡುಗಿ ನೆಲ ನೋಡುತ್ತ ಅಂದಳು. "ಮದುವಿ ತಾರೀಖು ನೀವೇ ತಗದು ಕೊಟ್ರಂತ, ಅಪ್ಪ ಹೇಳ್ಯಾನ್ರಿ."