ಹಿಮ ಬೀಳದ ಊರು

ಹೊರದೇಶದಲ್ಲಿ ಓದುತ್ತಿರುವ ಮಗಳಿಗೆ ತಂದೆಯೊಬ್ಬರು ಬರೆದ ಬುದ್ಧಿಮಾತಿನ ಪತ್ರಗಳು ಪುಸ್ತಕವಾಗಿ ಅಂದು ಬಿಡುಗಡೆಯಾಗಿದ್ದವು. ಲೇಖಕರ ಸಹಿಗಾಗಿ ಜನ ಸಾಲುಗಟ್ಟಿ ನಿಂತಿದ್ದರು.

“ಹಿಮದ ಮೇಲೆ ಹುಷಾರಾಗಿ ನಡಿ ಮಗಳೇ ಅಂತ ಬರೆದಿದಾರಲ್ಲ, ಅಲ್ಲಿ ಅತ್ತೇಬಿಟ್ಟೆ. ಎಂಥಾ ಪುಣ್ಯವಂತೆ ಆ ಹುಡುಗಿ!” ಸಾಲಿನಲ್ಲಿದ್ದ ಹೆಂಗಸೊಬ್ಬಳು ತನ್ನ ಹಿಂದಿದ್ದ ಯುವತಿಗೆ ಹೇಳಿದಳು.

“ಸುಳ್ಳು. ಆ ಹುಡುಗಿಗೆ ಒಂದು ಪತ್ರಾನೂ ಬಂದಿಲ್ಲ. ಅವಳು ಫೋನ್ ಮಾಡಿದ್ರೂ ಈ ಮನುಷ್ಯ ಎತ್ತಲ್ಲ.”

ಹೆಂಗಸು ಸಿಡಿದಳು. “ನಾಲಿಗೆ ಬಿಗಿ ಹಿಡಿದು ಮಾತಾಡ್ರೀ! ದೊಡ್ಡವರ ಮನೆ ವಿಷಯ ನಿಮಗೇನು ಗೊತ್ತು?”

“ಆ ಮಗಳು ನಾನೇ ಕಣ್ರೀ! ನಾನು ಓದ್ತಿರೋದು ಸಿಂಗಪುರದಲ್ಲಿ. ಅಲ್ಲಿ ಹಿಮ ಬೀಳೋದೇ ಇಲ್ಲ!”

ಹೆಂಗಸು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಯುವತಿ ನೇರ ಹೋಗಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

ಲೇಖಕರು ತಲೆ ಎತ್ತಲಿಲ್ಲ. ಮೊದಲ ಪುಟ ತೆರೆದು, “ಯಾರ ಹೆಸರಿಗೆ ಬರೀಲಮ್ಮ?” ಎಂದರು.

“ಮಗಳಿಗೆ ಅಂತ ಬರೀರಿ.”

ಅವರು ಬರೆಯುತ್ತಲೇ ಅಕ್ಕರೆಯಿಂದ ಕೇಳಿದರು: “ಯಾವ ಊರಲ್ಲಿ ಓದ್ತಿದಾಳೆ ನಿಮ್ಮ ಮಗಳು?”