ಎರಡು ಸ್ಕೋಪಿನ ಸಂಜೆ

“ಬಂದ ನೋಡು ಕಳ್ಳ,” ಎಂದು ಇದ್ವಲ್ ಪಿಸುಗುಟ್ಟಿ, ಕಲ್ಲುಗೋಡೆಯ ಮೇಲೆ ಆನಿಸಿದ್ದ ಬಂದೂಕಿನ ಸ್ಕೋಪಿಗೆ ಕಣ್ಣು ಹಚ್ಚಿದ. ಪಕ್ಕದಲ್ಲೇ ನಿಂತಿದ್ದ ಅವನ ಅಕ್ಕ ನೆಸ್ಟಾಗೆ ಆ ಮಾತು ಕೇಳಿಸಲೇ ಇಲ್ಲ. ಅವಳ ಕೈಯಲ್ಲಿ ಇನ್ನೊಂದು ಸ್ಕೋಪಿತ್ತು. ಅವಳು ಅದರೊಳಗೆ ಮುಳುಗಿಹೋಗಿದ್ದಳು.

ಎರಡನ್ನೂ ಪೇಟೆಯ ಬಂದೂಕಿನಂಗಡಿಯವನು ನೋಡಿ ಆರಿಸಿಕೊಳ್ಳಿ ಎಂದು ಕೊಟ್ಟು ಕಳಿಸಿದ್ದ. ಕಣ್ಣಿಗೆ ಕಾಣದ ಬೆಳಕನ್ನು ಕತ್ತಲಿಗೆ ಬಿಟ್ಟು, ಎದುರಿಗಿರುವುದನ್ನೆಲ್ಲ ಒಳಗಿನ ಪುಟ್ಟ ಪರದೆಯ ಮೇಲೆ ಕಪ್ಪು-ಬಿಳುಪಿನಲ್ಲಿ ತೋರಿಸುವ ಯಂತ್ರಗಳು ಅವು. ಇದ್ವಲ್ ಅಗ್ಗದ್ದನ್ನು ಬಂದೂಕಿಗೆ ಬಿಗಿದು, ಮಧ್ಯಾಹ್ನವೇ ಒಂದೆರಡು ಗುಂಡು ಹೊಡೆದು ಗುರಿ ಸರಿಮಾಡಿಕೊಂಡಿದ್ದ. ಪ್ರಾಯ ಬಂದಾಗಿನಿಂದ ದೊಡ್ಡ ಕೈದೀಪ ಬೀಸಿ, ಹೊಳೆಯುವ ಎರಡು ಕಣ್ಣು ಕಂಡರೆ ಸಾಕು ಬಂದೂಕಿನ ಕುದುರೆ ಎಳೆಯುತ್ತಿದ್ದವನು ಅವನು. ಕಣಿವೆಯ ಕುರಿಯವರೆಲ್ಲ ನರಿಯ ಕಾಟಕ್ಕೆ ಕರೆಯುತ್ತಿದ್ದುದು ಅವನನ್ನೇ. ದುಬಾರಿಯದ್ದೆಲ್ಲ ಅಂಗಡಿಯವನ ಬಣ್ಣದ ಮಾತು, ನಮಗೇನು ನರಿಯ ಫೋಟೋ ತೆಗೆಯಬೇಕಾ ಎಂದು ದಾರಿಯುದ್ದಕ್ಕೂ ಅಕ್ಕನನ್ನು ಕೆಣಕಿದ್ದ.

ಆ ದಿನ ಬೆಳಿಗ್ಗೆಯೇ ನರಿ ಒಂದು ಮರಿಯ ಕತ್ತು ಕಚ್ಚಿ ಕೊಂದು, ನಾಯಿ ಬೊಗಳಿದ್ದಕ್ಕೆ ಅಲ್ಲೇ ಬಿಟ್ಟು ಓಡಿತ್ತು. ತಾಯಿಕುರಿ ಕೆಚ್ಚಲು ತುಂಬಿಕೊಂಡು ಒದರುತ್ತಿತ್ತು. ನೆಸ್ಟಾ ಸತ್ತ ಮರಿಯ ಚರ್ಮವನ್ನು ಬಾಲದ ಸಮೇತ ಸುಲಿದು, ತಾಯಿಯಿಲ್ಲದ ಇನ್ನೊಂದು ಮರಿಗೆ ಅಂಗಿಯ ಹಾಗೆ ತೊಡಿಸಿ ದಾರ ಬಿಗಿದಿದ್ದಳು. ವೇಲ್ಸಿನ ಆ ಬೆಟ್ಟಗಳಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ತನ್ನ ಮರಿಯ ವಾಸನೆ ಸಿಕ್ಕರೆ ಕುರಿ ಬೇರೆ ಕುರಿಯ ಮರಿಗೂ ಹಾಲು ಬಿಡುತ್ತದೆ. ಈ ಕುರಿ ಮಾತ್ರ ಇಡೀ ದಿನ ಮೂಸುವುದು, ತಲೆಯಿಂದ ಗುದ್ದಿ ಅಟ್ಟುವುದು, ಇಷ್ಟೇ ಮಾಡಿತ್ತು. ಮರಿ ಬಾಟಲಿಯ ಹಾಲಿಗೆ ಬಾಯಿಯನ್ನೇ ತೆರೆದಿರಲಿಲ್ಲ. ಕೊಟ್ಟಿಗೆ ತುಂಬಿದ್ದರಿಂದ ಎರಡನ್ನೂ ಗೋಡೆಯ ಮರೆಗೆ ಹೊರಗೇ ಬಿಟ್ಟಿದ್ದರು. ಕುರಿ ಒಪ್ಪದಿದ್ದರೆ ಚಳಿಯಲ್ಲಿ ಮರಿ ಬೆಳಗಿನವರೆಗೆ ಬಾಳುವಂತಿರಲಿಲ್ಲ. ನರಿ ಮತ್ತೆ ಬಂದರಂತೂ ಅಷ್ಟು ಹೊತ್ತೂ ಬೇಕಿರಲಿಲ್ಲ. ಅದಕ್ಕೇ ಕತ್ತಲಾಗುತ್ತಲೇ ಇಬ್ಬರೂ ಬಂದು ನಿಂತಿದ್ದರು.

ಬರಿಗಣ್ಣಿಗೆ ತನ್ನ ಕೈಯೇ ಕಾಣದಂಥ ಕತ್ತಲು. ನೆಸ್ಟಾಳ ದುಬಾರಿ ಸ್ಕೋಪಿನೊಳಗೆ ಮಾತ್ರ ಹುಲ್ಲಿನ ಎಸಳು ಎಸಳೂ ಬಿಡಿಬಿಡಿಯಾಗಿ ನಿಂತಿತ್ತು. ಮೊಲವೊಂದು ಕೂತು ಕಿವಿ ತೊಳೆಯುತ್ತಿತ್ತು. ಗೂಬೆ ಸದ್ದಿಲ್ಲದೆ ಹಾರಿಬಂದು ಕಂಬದ ಮೇಲೆ ಕೂತು, ಅವಳತ್ತಲೇ ಮುಖ ತಿರುಗಿಸಿತು. ಮಲಗಿದ್ದ ಕುರಿಗಳ ದವಡೆ ಮೆಲುಕು ಹಾಕುವುದೂ ಕಾಣುತ್ತಿತ್ತು. ಹುಟ್ಟಿದಾಗಿನಿಂದ ತುಳಿದ ನೆಲ, ಇಷ್ಟು ವರ್ಷ ಪ್ರತಿ ರಾತ್ರಿ ಇಲ್ಲಿ ಇಷ್ಟೆಲ್ಲ ನಡೆಯುತ್ತಿತ್ತೇ ಎಂದು ನೆಸ್ಟಾಗೆ ಮೈ ಜುಂ ಎಂದಿತು. ನರಿಯ ನೆನಪೇ ಅವಳಿಗೆ ಹೋಗಿತ್ತು.

ಇದ್ವಲ್ ಮೊಣಕೈಯಿಂದ ತಿವಿದ. “ಏಯ್, ಬೇಲಿ ಪಕ್ಕ ನೋಡು. ನೆಲಕ್ಕೆ ಅಂಟ್ಕೊಂಡು ಬರ್ತಿದೆ. ಎರಡು ಕಣ್ಣು, ಉದ್ದ ಬಾಲ. ಇನ್ನೇನು ಬೇಕು ನಿಂಗೆ, ಹೆಸರು ಹೇಳ್ಬೇಕಾ ಅದು?”

“ತಡಿ, ನಾನೂ ನೋಡ್ತೀನಿ.”

“ನೀನು ಗೂಬೆ ನೋಡ್ಕೊಂಡಿರು. ಅದೇನು ನಿಂಗೋಸ್ಕರ ಕಾಯುತ್ತಾ?”

ನೆಸ್ಟಾ ಬೇಲಿಯತ್ತ ತಿರುಗಿಸಿದಳು. ತಗ್ಗಿದ ಮೈ, ಹೊಳೆವ ಕಣ್ಣು, ಹಿಂದೆ ಜೋಲುವ ಬಾಲ, ಎಲ್ಲವೂ ಅವನು ಹೇಳಿದ ಹಾಗೇ ಇತ್ತು. ಗುಂಡಿ ಒತ್ತಿ ಇನ್ನಷ್ಟು ಹತ್ತಿರಕ್ಕೆ ತಂದಳು. ಜೋಲುತ್ತಿದ್ದ ಬಾಲದ ಪಕ್ಕದಲ್ಲಿ ಇನ್ನೊಂದು ಬಾಲವಿತ್ತು. ಬೆನ್ನ ಮೇಲಿನ ಚರ್ಮ ಹಿಂದಕ್ಕೆ ಸರಿದು ನೇತಾಡುತ್ತಿತ್ತು.

“ಇದ್ವಲ್, ಬೆರಳು ತೆಗಿ,” ಎಂದಳು, ದನಿ ಏರಿಸದೆ.

“ಯಾಕೆ?”

“ಅದರ ಪಕ್ಕೆ ಮೇಲೆ ನಾನು ಹಾಕಿದ ಗಂಟಿದೆ.”

ಇದ್ವಲ್ ಬಂದೂಕಿನಿಂದ ಗುಂಡನ್ನು ಹೊರತೆಗೆದು ಜೇಬಿಗೆ ಹಾಕಿಕೊಂಡು, ಅವಳ ಕೈಯಿಂದ ಸ್ಕೋಪು ಈಸಿಕೊಂಡ. ತುಂಬ ಹೊತ್ತು ನೋಡಿದ.

“ಇಷ್ಟು ವರ್ಷ ದೀಪದಲ್ಲಿ ನಂಗೆ ಕಾಣ್ತಿದ್ದಿದ್ದು ಬರೀ ಕಣ್ಣು, ನೆಸ್ಟಾ,” ಎಂದ ಕೊನೆಗೆ. “ಬರೀ ಕಣ್ಣು.”

ಬಂದೂಕಿನ ಮೇಲಿದ್ದುದನ್ನು ಬಿಚ್ಚು, ನಾಳೆ ಅದನ್ನು ವಾಪಸ್ ಕೊಟ್ಟುಬಿಡೋಣ ಎಂದಳು ನೆಸ್ಟಾ. ಅವನು ಹ್ಞೂಂಗುಟ್ಟಿದ, ಆದರೆ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ದೇವಸನ್ನಿಧಿಯಲ್ಲಿ ನಿಂತವನ ಹಾಗೆ ಮೆತ್ತಗೆ, ಸ್ಕೋಪನ್ನು ಅವಳ ಕೈಗೆ ದಾಟಿಸಿದ.

ಗೋಡೆಯ ಮರೆಯಲ್ಲಿದ್ದ ಕುರಿ ಎದ್ದು, ಮರಿ ಅಲೆದುಹೋಗಿದ್ದ ಬೇಲಿಯ ಹತ್ತಿರ ಬಂದಿತ್ತು. ಮರಿಯ ಹಿಂಭಾಗಕ್ಕೆ ಮೂಗಿಟ್ಟು ಮೂಸಿತು, ಮತ್ತೆ ಮೂಸಿತು. ಈಗ ಗುದ್ದುತ್ತದೆ ಎಂದುಕೊಂಡಳು ನೆಸ್ಟಾ. ಅದು ಗುದ್ದಲಿಲ್ಲ. ತಾಯಿಕುರಿ ತನ್ನ ಮರಿಗಷ್ಟೇ ಹಾಕುವ ಆ ಗಂಟಲೊಳಗಿನ ಕೂಗು ಕತ್ತಲಲ್ಲಿ ಗೋಡೆಯವರೆಗೂ ಕೇಳಿಬಂತು. ಮರಿ ಎಡವುತ್ತ ಹೊಟ್ಟೆಯಡಿಗೆ ನುಗ್ಗಿ, ಮೊಲೆ ಹುಡುಕಿ, ಬಾಯಿ ಹಾಕಿತು. ಹಾಲು ಇಳಿಯಿತೇನೋ, ಮರಿಯ ಬಾಲ ಪಟಪಟನೆ ಕುಣಿಯತೊಡಗಿತು. ಅದರ ಜೊತೆಗೇ, ಅಷ್ಟೇ ಸಡಗರದಿಂದ, ಸತ್ತ ಮರಿಯ ಬಾಲವೂ ಕುಣಿಯುತ್ತಿತ್ತು.