ಎಂಜಿನ್ ಎಣ್ಣೆಯ ಲಗ್ನಪತ್ರ

ಮಗಳ ಲಗ್ನಪತ್ರ ಇನ್ನೂ ಅರ್ಧವೂ ಅಚ್ಚಾಗಿರಲಿಲ್ಲ, ಸೈಕ್ಲೋಸ್ಟೈಲ್ ಮಷೀನಿನ ಇಂಕು ಮುಗಿಯಿತು. ಉಜ್ಜಿನಪ್ಪ ಇಂಕಿನ ಟ್ಯೂಬನ್ನು ಕಟ್ಟೆಯ ಮೇಲಿಟ್ಟು ಲಟ್ಟಣಿಗೆಯಿಂದ ಲಟ್ಟಿಸಿದ. ಒಂದು ಹನಿಯೂ ಬರಲಿಲ್ಲ. "ಇದರ ಹೆಣಾ ಎತ್ಲಿ!" ಎಂದು ಮಷೀನಿಗೊಂದು ಗುದ್ದು ಕೊಟ್ಟ. ಪೆಟ್ಟಾದದ್ದು ಕೈಗೆ.

ಸೊಸೈಟಿ ನೋಟೀಸು, ಶಾಲೆಯ ಪ್ರಶ್ನೆಪತ್ರಿಕೆ ಹೊಡೆದು ಮನೆಯಲ್ಲೇ ಕೂತು ಗಳಿಸಬಹುದೆಂದು ಆ ಮಷೀನನ್ನು ಬಳ್ಳಾರಿಯ ಏಜೆಂಟನಿಂದ ಮಣ್ಣಿನ ಕ್ರಯಕ್ಕೆ ಕೊಂಡು ಕೊಟ್ಟೂರಿಗೆ ಹೊತ್ತು ತಂದಿದ್ದ. ಇಂಕು ಮಾತ್ರ ಆ ಏಜೆಂಟನ ಹತ್ತಿರವೇ ಸಿಗುತ್ತಿತ್ತು. ಹೋದಾಗೊಮ್ಮೆ ಅದರ ಕ್ರಯ ಏರಿರುತ್ತಿತ್ತು.

"ಎಮ್ಮಿ ಸಸ್ತಾ ಕೊಟ್ಟಾನ, ಹುಲ್ಲಿನ ಬಣವಿ ತನ್ನ ಹಿತ್ತಲದಾಗ ಇಟ್ಕಂಡಾನ" ಎಂದಳು ಹೆಂಡತಿ ನಾಗಲಿಂಗಮ್ಮ. "ಇರೋ ಒಬ್ಬಾಕಿ ಮಗಳು. ಪ್ರೆಸ್ಸಿನಾಗ ಕೆಂಪು ಇಂಕಿನ್ಯಾಗ ಹೊಡಸ್ರಿ ಅಂದ್ರ ಕೇಳಿದ್ರೇನು?"

"ಮನ್ಯಾಗ ಮಷೀನು ಇಟ್ಕಂಡು ಪ್ರೆಸ್ಸಿಗೆ ಹೋಗಾಕ ನನಗೇನು ಹುಚ್ಚು ಹಿಡಿದೈತೇನು?"

ಪಕ್ಕದ ಶೆಡ್ಡಿನ ಲಾರಿ ಮೆಕ್ಯಾನಿಕ್ ದಸ್ತಗಿರಿ ಗದ್ದಲ ಕೇಳಿ ಬಂದ. "ಇಂಕಂದ್ರ ಏನ್ರಿ ಅಣ್ಣಾರ? ಮಸಿ, ಎಣ್ಣಿ. ಲಾರಿ ಸುಟ್ಟ ಎಣ್ಣಿ ನಮ್ಮಲ್ಲಿ ಡಬ್ಬಿಗಟ್ಲೆ ಐತಿ, ಪುಕ್ಕಟೆ ಒಯ್ರಿ." ಆ ಎಣ್ಣೆಗೆ ದೀಪದ ಮಸಿ ಕಲಸಿ ಮಷೀನಿಗೆ ಸುರಿದು ಹಿಡಿಕೆ ತಿರುಗಿಸಿದರೆ, ಅಕ್ಷರ ಫಳಫಳ ಎದ್ದು ಬಂದವು. ಆದರೆ ಎಣ್ಣೆ ತೆಳುವು. ಅಕ್ಷರ ಕೊರೆದ ಸ್ಟೆನ್ಸಿಲ್ ಹಾಳೆಯ ನಾಲ್ಕೂ ಬದಿಯಿಂದ ಸೋರಿ, ಪ್ರತಿ ಹಾಳೆಯ ಸುತ್ತಲೂ ಬೆರಳಗಲ ಕಪ್ಪು ಅಂಚು ಕಟ್ಟಿತು.

ನಾಗಲಿಂಗಮ್ಮ ಎದೆ ಹಿಡಿದುಕೊಂಡಳು. "ಸತ್ತೋರ ಕಾಗದಕ್ಕಲ್ಲೇನ್ರಿ ಕರೇ ಅಂಚು ಬಳಿಯೋದು?"

"ನಾಕೂ ಮೂಲಿಗೆ ಅರಿಷಿಣ ಹಚ್ಚು, ಸರಿಹೋಕೈತಿ. ಓದು ಬಂದೋರು ಅಕ್ಷರ ನೋಡ್ತಾರ. ಅಂಚು ನೋಡಾಕ ಅದೇನು ಸೀರೀನ?"

ಹಚ್ಚಿದ ಅರಿಷಿಣ ಎಣ್ಣೆ ಕುಡಿದು ಕಪ್ಪಾಯಿತು. ಪ್ರೆಸ್ಸಿಗೆ ಹೋಗುವ ಬದಲು ಉಜ್ಜಿನಪ್ಪ ಅವನ್ನೇ ಮಡಚಿ ಪರವೂರಿನ ನೆಂಟರಿಗೆಲ್ಲ ಅಂಚೆಗೆ ಹಾಕಿದ. ಹುಡುಗಿಗೆ ವರ ಗೊತ್ತಾದ ಸುದ್ದಿ ಅವರಾರಿಗೂ ತಿಳಿದಿರಲಿಲ್ಲ. ಪತ್ರವೇ ಹೇಳಬೇಕಿತ್ತು.

ಸೋಮವಾರ ಬಂತು, ಮುಹೂರ್ತ ಹತ್ತಿರವಾಯಿತು. ಊರಿನವರು ಬಂದು ಕೂತಿದ್ದರು, ಹರಪನಹಳ್ಳಿಯ ಬೀಗರ ಕಡೆಯವರು ಹಂದರದ ತುಂಬ ಇದ್ದರು. ಹೆಣ್ಣಿನ ನೆಂಟರಿಗೆ ಹಾಸಿದ ಜಮಖಾನೆಯ ಮೇಲೆ ಒಂದು ಬೆಕ್ಕು ಮಲಗಿತ್ತು.

"ಬೀಗರ, ಹುಡುಗಿಗೆ ಸೋದರಮಾವ, ಅತ್ತಿ ಯಾರೂ ಇಲ್ಲೇನ್ರಿ?" ವರನ ತಂದೆ ಪಂಚಾಕ್ಷರಪ್ಪ ಎಲ್ಲರಿಗೂ ಕೇಳುವಂತೆ ಕೇಳಿದ.

"ಅದಾರ್ರಿ. ಬಸ್ಸು ತಡ ಆಗೈತಿ" ಎಂದು ಉಜ್ಜಿನಪ್ಪ ಬೆವರು ಒರೆಸಿಕೊಂಡ.

ಬಸ್ಸು ಬಂತು. ಓಣಿಯ ಮೂಲೆಯಿಂದಲೇ ಅಳು ಕೇಳಿಸಿತು. ಹುಡುಗಿಯ ದೂರದ ಸೋದರತ್ತೆ, ಹಂಪಸಾಗರದ ಜಂಬಕ್ಕ, ಸೆರಗನ್ನು ತಲೆ ತುಂಬ ಹೊದ್ದು, ಕಣ್ಣು ಮುಚ್ಚಿ, ಎದೆ ಬಡಿದುಕೊಂಡು ಹಾಡಿ ಅಳುತ್ತ ಬರುತ್ತಿದ್ದಳು. ಹಿಂದೆ ಒಂದು ಬಸ್ಸಿನ ಮಂದಿ. ಮೈಮೇಲೆ ಬಂಗಾರವಿಲ್ಲ, ಕೈಯಲ್ಲಿ ಉಡುಗೊರೆಯಿಲ್ಲ.

"ಕರ್ಣನಂಥ ಕೈಯವನ, ನನ್ನ ಉಜ್ಜಿನಪ್ಪಾ! ಬೇಡಿದೋರಿಗೆ ಇಲ್ಲ ಅನ್ನಲಿಲ್ಲಲ್ಲೋ! ಲೆಕ್ಕ ಇಡದ ಕೊಟ್ಟು ಹೋದೆಲ್ಲೋ!"

ವಾಲಗ ನಿಂತಿತು. ಪಂಚಾಕ್ಷರಪ್ಪ ಎದ್ದು ಮಗನ ಕಡೆ ತಿರುಗಿದ. "ಏಳಪಾ ತಮ್ಮಾ, ಬಾಸಿಂಗ ಬಿಚ್ಚು. ಅಳು ಬಿದ್ದ ಹಂದರದಾಗ ಅಕ್ಕಿಕಾಳು ಹಾಕಂಗಿಲ್ಲ." ಮದುಮಗಳು ತಾಯಿಯ ಸೆರಗು ಗಟ್ಟಿಯಾಗಿ ಹಿಡಿದಳು.

ಉಜ್ಜಿನಪ್ಪ ಬಾಗಿಲಿಗೆ ಓಡಿದ. "ಯವ್ವಾ ಜಂಬಕ್ಕಾ, ನಾ ಸತ್ತಿಲ್ಲಬೇ! ಬಾಯಿ ಮುಚ್ಚು!"

ಅಳುವ ಭರದಲ್ಲಿ ಜಂಬಕ್ಕನಿಗೆ ಕೇಳಿಸಲಿಲ್ಲ. ರಾಗ ಇನ್ನೊಂದು ಮೆಟ್ಟಿಲು ಏರಿತು. "ಕಾಗದದ ತುಂಬ ಇಂಕು ಸುರದು ಸುದ್ದಿ ಕಳಿಸ್ಯಾರಲ್ಲೋ! ನಿನ್ನಂಗ ನಿನ್ನ ಮನಿ ಮಂದೀನೂ ಖರ್ಚಿಗೆ ಕೈ ಹಿಡೀಲಿಲ್ಲಲ್ಲೋ, ನನ್ನಪ್ಪಾ!"

ಎಲ್ಲಿಂದಲೋ 'ಪುಸಕ್' ಅಂತ ಸದ್ದಾಯಿತು. ನಾಗಲಿಂಗಮ್ಮ. ಸೆರಗು ಬಾಯಿಗೆ ತುರುಕಿಕೊಂಡರೂ ನಗೆ ನಿಲ್ಲಲಿಲ್ಲ. ಉಜ್ಜಿನಪ್ಪನ ಕೈಯ ಅಳತೆ ಗೊತ್ತಿದ್ದ ಊರಿನವರು ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು.

"ಏನಿದು? ಯಾರರ ಹೇಳ್ರೆಪಾ!" ಎಂದು ಪಂಚಾಕ್ಷರಪ್ಪ ಗದರಿದ.

ಜಂಬಕ್ಕನ ಜೊತೆ ಬಂದಿದ್ದ ಗಾಳೆಪ್ಪ ಮುಂದೆ ಬಂದ. ಜೀವಂತ ನಿಂತಿದ್ದ ಉಜ್ಜಿನಪ್ಪನನ್ನು ಒಮ್ಮೆ ಮುಟ್ಟಿ ನೋಡಿ ಹೇಳಿದ: "ಕರೇ ಅಂಚಿನ ಕಾಗದ ಮನಿ ಒಳಗ ತರಬಾರದಲ್ರಿ, ಹೊರಗ ನಿಂತು ಓದಿದ್ವಿ. ಎಣ್ಣಿ ಹರಡಿ 'ಉಜ್ಜಿನಪ್ಪ, ಕೊಟ್ಟೂರು, ಸೋಮವಾರ, ಪ್ರಸಾದ' ಇಷ್ಟ ಕಂಡ್ವು, ತಿಥಿ ಊಟ ಅಂದ್ಕಂಡ್ವಿ. ಹರದು ಒಗದು, ತಲಿಮ್ಯಾಲೆ ನೀರು ಹಾಕ್ಕಂಡು ಬಂದ್ವಿ."

"ಎಣ್ಣಿ? ಇಂಕಿನ್ಯಾಗ ಎಂಥ ಎಣ್ಣಿ?" ಎಂದ ಪಂಚಾಕ್ಷರಪ್ಪ.

"ಲಾರೀದ್ರಿ" ಎಂದ ದಸ್ತಗಿರಿ, ತಲೆ ತಗ್ಗಿಸಿ.

ಪಂಚಾಕ್ಷರಪ್ಪ ನಕ್ಕ ರಭಸಕ್ಕೆ ರುಮಾಲು ಜಾರಿ ಹೆಗಲಿಗೆ ಬಿತ್ತು. ಅಲ್ಲೇ ಕುಸಿದು ಕೂತು, ಕಣ್ಣೊರೆಸಿಕೊಂಡು, ವಾಲಗದವರಿಗೆ ಕೈ ಮಾಡಿದ. "ಊದ್ರಿ ಊದ್ರಿ! ಇಷ್ಟು ನಗು ಬಿದ್ದಮ್ಯಾಲೆ ಅಳು ಎಲ್ಲಿ ಉಳದೀತು? ಕಾಳು ಹಾಕ್ರಿ!"

ವಾಲಗ ಎದ್ದಿತು. ಜಂಬಕ್ಕ ಕಣ್ಣು ಬಿಟ್ಟು, ಎದುರಿಗಿದ್ದವನನ್ನು ನೋಡಿ, "ಥೂ ನಿನ್ನ! ಬಸ್ಸಿನುದ್ದಕ್ಕೂ ಅತ್ತೀನಲ್ಲೋ ಮುದುಕಾ!" ಎಂದು ಬೆನ್ನಿಗೆ ಗುದ್ದಿ ತಾನೂ ನಕ್ಕಳು. ಬಾಸಿಂಗದ ಕೆಳಗೆ ಮಗಳ ಭುಜ ನಗೆಗೆ ಕುಲುಕುತ್ತಿತ್ತು. ಹಂದರದ ಕಂಬ ಹಿಡಿದು ಉಜ್ಜಿನಪ್ಪ ಎಲ್ಲರನ್ನೂ ಒಂದು ಸುತ್ತು ನೋಡಿದ.

ಆ ಮದುವೆಯಲ್ಲಿ ನಗದೆ ಉಳಿದವನು ಸತ್ತವನೊಬ್ಬನೇ.